ಹೆಳವರ ಪುಸ್ತಕದಲ್ಲಿ ಇಲ್ಲದ ಹೆಸರು

ಒಂದು ವಂಶವೃಕ್ಷದ ಸಲುವಾಗಿ ಯುದ್ಧ ನಡೆದ ಊರು ಕಿತ್ತೂರು. ಶಾಲೆಯ ಪುಸ್ತಕದಲ್ಲಿ ನಮಗೆಲ್ಲ ನೆನಪಿರೋದು ರಾಣಿ ಚೆನ್ನಮ್ಮ, ಕುದುರೆ, ಕತ್ತಿ. ಆದ್ರೆ ಜಗಳದ ಮೂಲ ತುಂಬಾ ಸರಳ: ಈ ಮನೆಯ ವಾರಸುದಾರ ಯಾರು?

1824ರ ಸೆಪ್ಟೆಂಬರ್‌ನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡರು. ಸಾಯೋ ಮೊದಲು ಶಿವಲಿಂಗಪ್ಪ ಅನ್ನೋ ಹುಡುಗನನ್ನ ದತ್ತಕ ತಗೊಂಡಿದ್ರು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಈ ದತ್ತಕವನ್ನ ಒಪ್ಪಲಿಲ್ಲ. ಖಜಾನೆಗೆ ಬೀಗ ಹಾಕಿಸಲು ಹೋದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ಗುಂಡಿಗೆ ಬಿದ್ದ. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಹಿಡಿಯಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರವರಿಯಲ್ಲಿ ತೀರಿಕೊಂಡಳು.

ಇನ್ನೊಂದು ಮಾತು ಗಮನಿಸಿ. ಶಿವಲಿಂಗರುದ್ರ ಚೆನ್ನಮ್ಮನ ಹೊಟ್ಟೆಯಲ್ಲಿ ಹುಟ್ಟಿದ ಮಗ ಅಲ್ಲ, ಸವತಿ ರುದ್ರಮ್ಮನ ಮಗ. ಆ ಮಗ ದತ್ತಕ ತಗೊಂಡ ಹುಡುಗನಿಗಾಗಿ ಚೆನ್ನಮ್ಮ ಕತ್ತಿ ಹಿಡಿದಳು. ಅಂದ್ರೆ ರಕ್ತದ ಲೆಕ್ಕದಲ್ಲಿ ನೋಡಿದ್ರೆ ಇಬ್ಬರೂ ಅವಳಿಗೆ ಏನೂ ಆಗಬೇಕಿರಲಿಲ್ಲ. ಮನೆತನದ ಲೆಕ್ಕದಲ್ಲಿ ಎಲ್ಲಾ ಆಗಿದ್ರು.

ನಾನು ಹೊರಟಿದ್ದು ಯಾಕೆ

ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋಳು. ನಮ್ಮ ಮೂಲ ಊರು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಈ ತಿರುಗಾಟಕ್ಕೆ ಇತಿಹಾಸದ ಪ್ರೀತಿ ಕಾರಣ ಅಲ್ಲ. ಹೊಲದ ವಾಟ್ನಿ ಆಗಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು. ಅಪ್ಪನಿಗೆ ಮೊಣಕಾಲು ನೋವು, ಓಡಾಡೋಕೆ ಆಗಲ್ಲ. ಸುಗ್ಗಿ ಹೊತ್ತಿಗೆ ನಾಲ್ಕು ದಿನ ರಜೆ ಹಾಕಿ ನಾನೇ ಹೊರಟೆ.

ಕಾಕಾ ಒಂದು ಬಿಳಿ ಹಾಳೆಯಲ್ಲಿ ವಂಶವೃಕ್ಷ ಬರೆದು ವಾಟ್ಸಾಪಿಗೆ ಕಳಿಸಿದ್ರು. ಮೇಲೆ ಮುತ್ತಜ್ಜ, ಅವನ ಕೆಳಗೆ ಅಜ್ಜ, ಅಜ್ಜನ ಕೆಳಗೆ ಅಪ್ಪ ಮತ್ತು ಕಾಕಾ. ನನ್ನ ಇಬ್ಬರು ಅತ್ತೆಯರ ಹೆಸರೇ ಇಲ್ಲ. ಫೋನ್ ಮಾಡಿ ಕೇಳಿದೆ.

"ಅವರು ಕೊಟ್ಟ ಹೆಣ್ಮಕ್ಳಲ್ಲ ತಂಗಿ, ಅವರ ಹೆಸರು ಅವರ ಗಂಡನ ಮನ್ಯಾಗ ಇರತಾವ," ಅಂದ್ರು.

ಕಾಕಾ ಕೆಟ್ಟವರಲ್ಲ. ಅತ್ತೆಯರು ಪಂಚಮಿಗೆ ಬಂದ್ರೆ ಸೀರೆ ಉಡಿಸಿ, ಉಂಡಿ ಕಟ್ಟಿ ಕಳಿಸೋರೇ. ಆದ್ರೆ ಸೀರೆ ಬೇರೆ, ಕಾಗದ ಬೇರೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಬಂದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು. ಹೆಸರು ಬರೆದ್ರೆ ಸಹಿ ಬೇಕು, ಸಹಿ ಬೇಕಾದ್ರೆ ಮಾತುಕತೆ ಆಗಬೇಕು. ಆ ಮಾತುಕತೆಯೇ ಯಾರಿಗೂ ಬೇಡ. ನಾನೂ ಒಬ್ಬಳೇ ಮಗಳು. ಕಾಕಾನ ಹಾಳೆ ಇನ್ನೊಂದು ತಲೆಮಾರು ಕೆಳಗೆ ಬೆಳೆದ್ರೆ ಅಪ್ಪನ ಟೊಂಗೆ ಅಲ್ಲಿಗೇ ನಿಂತುಹೋಗುತ್ತೆ.

ಸಾಹೇಬನ ಮನೆತನ, ನಮ್ಮ ಮನೆತನ

ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಬಂದು ಮೊದಲು ಕಿತ್ತೂರಲ್ಲಿ ಇಳಿದೆ. ಕೋಟೆ ಈಗ ಪಾಳು. ಅರಮನೆಯ ಗೋಡೆಗಳು ಅರ್ಧಂಬರ್ಧ ನಿಂತಿವೆ, ಪಕ್ಕದಲ್ಲಿ ಮ್ಯೂಸಿಯಂ ಇದೆ. ಪ್ರತಿ ಅಕ್ಟೋಬರ್‌ನಲ್ಲಿ ಉತ್ಸವದ ಹೊತ್ತಿಗೆ ಕಾಲಿಡೋಕೆ ಜಾಗ ಇರಲ್ಲ. ನಾನು ಹೋದ ದಿನ ಶಾಲೆ ಮಕ್ಕಳ ಒಂದು ಗುಂಪು ಮತ್ತು ನಾನು, ಅಷ್ಟೇ.

ಅಲ್ಲಿ ಕಟ್ಟೆ ಮೇಲೆ ಕೂತು ಫೋನಿನಲ್ಲಿ ಥ್ಯಾಕರೆ ಮನೆತನ ಹುಡುಕಿದೆ. ಎರಡು ನಿಮಿಷದಲ್ಲಿ ಸಿಕ್ಕಿತು. ಇವನು ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ. ಆ ಕಾದಂಬರಿಕಾರ ಹುಟ್ಟಿದ್ದು 1811ರಲ್ಲಿ, ನಮ್ಮ ಕೋಲ್ಕತ್ತದಲ್ಲೇ.

ಅವರಿಗೆ ಇದು ಹೇಗೆ ಸಾಧ್ಯ ಆಯ್ತು? 1538ರಲ್ಲೇ ಇಂಗ್ಲೆಂಡಿನಲ್ಲಿ ಪ್ರತಿ ಚರ್ಚೂ ತನ್ನ ಊರಿನ ನಾಮಕರಣ, ಮದುವೆ, ಸಾವು ಬರೆದಿಡಬೇಕು ಅಂತ ಆಜ್ಞೆ ಆಯ್ತು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಹೋದ 102 ಜನರಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಮೊದಲ ಚಳಿಗಾಲದಲ್ಲೇ ಸತ್ತರು. ಉಳಿದವರ ವಂಶಸ್ಥರು 1897ರಲ್ಲಿ ಸಂಘ ಕಟ್ಟಿಕೊಂಡ್ರು. ಅದರ ಸದಸ್ಯ ಆಗಬೇಕಂದ್ರೆ ಪ್ರತಿ ತಲೆಮಾರಿಗೂ ಪುರಾವೆ ತೋರಿಸಬೇಕು. ನನಗೆ ಹಿಡಿಸಿದ ಮಾತು ಅಂದ್ರೆ, ಅಲ್ಲಿ ಮಗನ ಕಡೆಯಿಂದ ಬಂದ್ರೂ ಸರಿ, ಮಗಳ ಕಡೆಯಿಂದ ಬಂದ್ರೂ ಸರಿ, ವಂಶ ವಂಶವೇ.

ನಮ್ಮಲ್ಲಿ ಜನನ–ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾನೂನು ಬಂದಿದ್ದು 1969ರಲ್ಲಿ. ಅದಕ್ಕೂ ಮೊದಲು ಹುಟ್ಟಿದ ನಮ್ಮ ಹಿರಿಯರಲ್ಲಿ ಎಷ್ಟೋ ಜನರ ಜನ್ಮದಿನ ಜೂನ್ 1! ಅಪ್ಪಂದೂ ಅದೇ, ಕಾಕಾಂದೂ ಅದೇ. ಶಾಲೆಗೆ ಹಚ್ಚುವಾಗ ಮಾಸ್ತರು ಬರೆದಿದ್ದೇ ಜಾತಕ.

ಉತಾರದಲ್ಲಿ ಏನಿದೆ

ಕಿತ್ತೂರಿಂದ ಬೈಲಹೊಂಗಲ ದೂರ ಏನಿಲ್ಲ. ಎರಡೂ ಕಡೆ ಎರಿ ಹೊಲ, ಅಲ್ಲಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರ್. ಊರಲ್ಲಿ ಚೆನ್ನಮ್ಮನ ಸಮಾಧಿ ಇದೆ. ಕೈಮುಗಿದು ಮುಂದೆ ಹೋದೆ.

ನಮ್ಮ ಕಡೆ ಪಹಣಿಗೆ ಉತಾರ ಅಂತೀವಿ. ಈಗಿನ ಉತಾರ ಮೊಬೈಲಲ್ಲೇ ಸಿಗುತ್ತೆ. ಹಳೇದು ಬೇಕಂದ್ರೆ ಕಚೇರಿಗೇ ಹೋಗಿ ನಕಲು ತಗೋಬೇಕು. ಹಳೆ ಕಾಗದ ಹುಡುಕೋರು ಒಂದಿಷ್ಟು ನೆನಪಿಡಿ. ಬೆಳಗಾವಿ ಜಿಲ್ಲೆ 1956ರ ತನಕ ಮುಂಬೈ ರಾಜ್ಯದಲ್ಲಿತ್ತು. ಬ್ರಿಟಿಷರ ಕಾಲದಲ್ಲಿ ಬೈಲಹೊಂಗಲದ ತಾಲೂಕಿಗೆ ಸಂಪಗಾವಿ ತಾಲೂಕು ಅಂತ ಹೆಸರು, ಸವದತ್ತಿಯದಕ್ಕೆ ಪರಸಗಡ ತಾಲೂಕು ಅಂತ. ಈಗಿನ ಹೆಸರಲ್ಲಿ ಹುಡುಕಿದ್ರೆ ಸಿಗಲ್ಲ. ಕೆಲವು ಹಳೆ ಕಾಗದ ಮೋಡಿ ಲಿಪಿಯಲ್ಲಿರುತ್ತೆ, ಓದೋಕೆ ಬಲ್ಲವರನ್ನೇ ಹುಡುಕಬೇಕು.

ನನಗೆ ಸಿಕ್ಕಿದ್ದು ಇಷ್ಟು: ಮುತ್ತಜ್ಜ ಸತ್ತ ಮೇಲೆ ವಾರಸಾ ಪ್ರಕಾರ ಅಜ್ಜನ ಹೆಸರಿಗೆ ಹೊಲ ಹತ್ತಿದ ಒಂದು ಸಾಲು. ಮುತ್ತಜ್ಜನಿಗಿಂತ ಹಿಂದೆ ಏನೂ ಇಲ್ಲ. ಡೇಟಾಬೇಸ್ ಭಾಷೆಯಲ್ಲಿ ಹೇಳೋದಾದ್ರೆ ಅಲ್ಲಿಂದ ಮೇಲೆಲ್ಲಾ ನಲ್.

ಹೆಳವ ಬಂದ

ನಮ್ಮ ಕಡೆ ಇದಕ್ಕೊಂದು ಹಳೆಯ ವ್ಯವಸ್ಥೆ ಇದೆ. ಅವರೇ ಹೆಳವರು. ಹೆಳವ ಅಂದ್ರೆ ಕಾಲಿಲ್ಲದವ. ಅವರ ಮೂಲಪುರುಷ ಕುಂಟನಾಗಿದ್ದ, ಅದಕ್ಕೇ ಎತ್ತಿನ ಮೇಲೆ ಕೂತು ಊರೂರು ತಿರುಗಿದ ಅಂತ ಕಥೆ. ಒಂದೊಂದು ಹೆಳವ ಮನೆತನಕ್ಕೆ ಇಂತಿಂಥ ಊರು, ಇಂತಿಂಥ ಮನೆಗಳು ಅಂತ ಹಂಚಿಕೆ ಇರುತ್ತೆ. ಕೆಲವು ವರ್ಷಕ್ಕೊಮ್ಮೆ ಬಂದು ಮನೆ ಮುಂದೆ ನಿಂತು ಆ ಮನೆಯ ಹಿರಿಯರ ಹೆಸರನ್ನ ಹಾಡಿನಂತೆ ಹೇಳ್ತಾರೆ. ಮೂಲ ಊರು, ಬೆಡಗು, ಮನೆದೇವರು, ಯಾರ ಮಗ ಯಾರು, ಯಾರು ಎಲ್ಲಿಗೆ ವಲಸೆ ಹೋದ್ರು, ಎಲ್ಲಾ. ಹೊಸದಾಗಿ ಹುಟ್ಟಿದವರನ್ನ ಬರೆದುಕೊಂಡು ಕಾಳು, ಬಟ್ಟೆ, ದುಡ್ಡು ತಗೊಂಡು ಹೋಗ್ತಾರೆ. ಮುಂಚೆ ತಾಳೆಗರಿ, ತಾಮ್ರಪಟ ಇದ್ದವು. ಈಗ ದಪ್ಪ ನೋಟ್‌ಬುಕ್ಕು. ಎತ್ತಿನ ಬದಲು ಬೈಕು.

ಕಾಕಾ ಫೋನ್ ಮಾಡಿ ಕರೆಸಿದ್ರು. ಸುಮಾರು ಅರವತ್ತರ ಹಿರಿಯರು, ತಲೆಗೆ ರುಮಾಲು, ಹೆಗಲಿಗೆ ಚೀಲ. ರೊಟ್ಟಿ, ಪುಂಡಿಪಲ್ಯ ಊಟ ಆಯ್ತು. ಆಮೇಲೆ ಪಡಸಾಲೆಯಲ್ಲಿ ಕೂತು ಕಣ್ಣು ಮುಚ್ಚಿ ಶುರು ಮಾಡಿದ್ರು. ಒಂದೊಂದೇ ಹೆಸರು ಇಳೀತಾ ಬಂತು. ಏಳು ತಲೆ! ನಾನು ಹುಟ್ಟಿದ ಮೇಲೆ ಒಮ್ಮೆಯೂ ಕೇಳಿರದ ಹೆಸರುಗಳು, ಎಲ್ಲವೂ ನನ್ನವರದು. ಮೈ ಜುಮ್ ಅಂತು.

ಮುತ್ತಜ್ಜನ ಹೆಸರು ಬಂದಾಗ ಅವರು "ದತ್ತ ಬಂದಾಂವ" ಅಂತ ಒಂದು ಮಾತು ಸೇರಿಸಿ ಮುಂದೆ ಹೋದ್ರು. ನಾನು ತಡೆದೆ.

"ದತ್ತ ಅಂದ್ರ ದತ್ತಕ ಏನ್ರಿ ಯಜ್ಜಾ? ಎಲ್ಲಿಂದ?"

ಅವರು ಪುಸ್ತಕ ತೆಗೆದು ಹಾಳೆ ತಿರುವಿದ್ರು. "ರಾಮದುರ್ಗದ ಕಡೇಂದ ಬಾ. ಹೊಳಿ ದಂಡಿ ಊರು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ತವರ ಮನಿಯಿಂದ ಅಣ್ಣನ ಮಗನ್ನ ತಂದು ಉಡಿಯಾಗ ಹಾಕ್ಕೊಂಡ್ಳು."

"ಯಾರು? ಆಕಿ ಹೆಸರೇನು?"

ಪುಸ್ತಕ ಮತ್ತೆ ನೋಡಿದ್ರು. "ಹೆಣ್ಮಕ್ಕಳ ಹೆಸರು ಬರಿಯೂ ಪದ್ಧತಿ ಇಲ್ಲ ಅವ್ವಾ."

ಕಾಕಾ ಸುಮ್ಮನೆ ಕೂತಿದ್ರು. ಅವರಿಗೂ ಈ ದತ್ತಕದ ವಿಷಯ ಗೊತ್ತಿರಲಿಲ್ಲ. ಆದ್ರೆ ನಮ್ಮ ಮನೆಯ ಒಂದು ಒಗಟು ಅಲ್ಲಿ ಬಿಡಿಸಿತು. ನಮ್ಮ ಮನೆದೇವರು ಸವದತ್ತಿ ಎಲ್ಲಮ್ಮ. ಆದ್ರೆ ಜಗಲಿ ಮೇಲೆ ಗೊಡಚಿ ವೀರಭದ್ರನೂ ಇದ್ದಾನೆ, ಮದುವೆ ಆದ್ರೆ ಅವನಿಗೂ ಒಂದು ಕಾಯಿ. ಗೊಡಚಿ ಇರೋದು ರಾಮದುರ್ಗ ತಾಲೂಕಲ್ಲಿ. ನಮಗೂ ಅಲ್ಲಿಗೂ ಏನು ಸಂಬಂಧ ಅಂತ ಯಾರಿಗೂ ಗೊತ್ತಿರಲಿಲ್ಲ. ದತ್ತಕ ಬಂದ ಹುಡುಗ ತನ್ನ ಹುಟ್ಟಿದ ಮನೆಯ ದೇವರನ್ನೂ ಜೊತೆಗೆ ತಂದಿದ್ದ.

ಇಷ್ಟು ವರ್ಷ ಈ ಹೊಲ ನಮ್ಮದಾಗಿ ಉಳಿದಿದ್ದು ಹೊರಗಿನಿಂದ ಬಂದ ಒಬ್ಬ ವಿಧವೆ, ತನ್ನ ತವರಿನ ಕೂಸನ್ನ ತಂದಿದ್ದಕ್ಕೆ. ಅವಳ ಹೆಸರು ಉತಾರದಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ.

ಸವದತ್ತಿಯ ಕಲ್ಲು

ಮರುದಿನ ರಾಮದುರ್ಗಕ್ಕೆ ಹೊರಟೆ. ದಾರಿಯಲ್ಲಿ ಸವದತ್ತಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಇಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೋಗೋ ಚಕ್ಕಡಿ, ಟ್ರ್ಯಾಕ್ಟರ್ ಸಾಲು ನೋಡಿದವರಿಗೇ ಗೊತ್ತು. ಭಂಡಾರ ಹಚ್ಚಿಕೊಂಡು, ಉಧೋ ಉಧೋ ಅಂದು ಕೆಳಗಿಳಿದೆ.

ಸವದತ್ತಿಯ ಹಳೆ ಹೆಸರು ಸುಗಂಧವರ್ತಿ. ರಟ್ಟರ ರಾಜಧಾನಿ. ಅವರ ಶಾಸನಗಳಲ್ಲಿ ತಲೆಮಾರುಗಳ ವಂಶಾವಳಿ ಇದೆ. ಅವು ಓದುಗರ ಕೈಗೆ ಸಿಕ್ಕ ಕಥೆಯಲ್ಲೂ ಕಿತ್ತೂರು ಬರುತ್ತೆ. 1824ರಲ್ಲಿ ಕಿತ್ತೂರಿನವರು ಸೆರೆಹಿಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್, ಆಗಿನ್ನೂ ಇಪ್ಪತ್ತೊಂದರ ಹುಡುಗ. ಜೀವಂತ ಬಿಡುಗಡೆ ಆದ. ಮುಂದೆ ಅವನೇ ಕನ್ನಡ ನಾಡು ಸುತ್ತಿ 595 ಶಾಸನಗಳ ಪ್ರತಿ ಮಾಡಿಸಿದ. ಆಮೇಲೆ ಬಂದ ಫ್ಲೀಟ್ ಸಾಹೇಬ ರಟ್ಟರ ಶಾಸನಗಳನ್ನ ಓದಿ ಪ್ರಕಟಿಸಿದ.

ಅದರಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ್ದು ಕ್ರಿ.ಶ. 980ರ ಒಂದು ಸವದತ್ತಿ ಶಾಸನ. ರಟ್ಟರ ಶಾಂತಿವರ್ಮ ಬಸದಿಗೆ ಭೂಮಿ ಕೊಡ್ತಾನೆ, ಅವನ ತಾಯಿ ನಿಜಿಯಬ್ಬೆಯೂ ಕೊಡ್ತಾಳೆ. ಅವಳ ಹೆಸರು ಕಲ್ಲಿನಲ್ಲಿದೆ, ಭೂಮಿಯ ಲೆಕ್ಕದ ಜೊತೆಗೆ. ಸಾವಿರ ವರ್ಷದ ಹಿಂದೆ ಇದೇ ಊರಿನಲ್ಲಿ ತಾಯಿಯ ಹೆಸರು ಬರೆಯೋ ಪದ್ಧತಿ ಇತ್ತು. ಅವಳು ಅರಸು ಮನೆಯವಳು, ನಮ್ಮವಳು ಒಕ್ಕಲುತನದವಳು, ಅದು ನಿಜ. ಆದ್ರೂ "ಪದ್ಧತಿ ಇಲ್ಲ" ಅನ್ನೋ ಮಾತಿಗೆ ಒಂದು ಉತ್ತರ ಸಿಕ್ಕಿತು.

ಇದೇ ತಾಲೂಕಿನ ಸಿರಸಂಗಿಯೂ ನೆನಪಾಯ್ತು. ಸಿರಸಂಗಿ ಲಿಂಗರಾಜ ದೇಸಾಯರು (1861–1906) ಆ ಮನೆತನಕ್ಕೆ ದತ್ತಕ ಬಂದವರೇ. ಹೊಟ್ಟೆಯಲ್ಲಿ ಹುಟ್ಟಿದ ವಾರಸುದಾರರಿಲ್ಲದೆ ತಮ್ಮ ಆಸ್ತಿಯನ್ನ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಅವರ ಹೆಸರಿನದೇ. ವಂಶ ಮುಂದುವರಿಯೋಕೆ ಎಷ್ಟು ದಾರಿ ಇವೆ ನೋಡಿ.

ಹೊಳೆ ದಂಡೆಯ ಮನೆ

ರಾಮದುರ್ಗ 1948ರ ತನಕ ಬೇರೆಯೇ ಸಂಸ್ಥಾನ, ಭಾವೆ ಮನೆತನದ್ದು. ನರಗುಂದದವರು ಇವರ ದಾಯಾದಿಗಳು. ನರಗುಂದದ ಬಾಬಾಸಾಹೇಬನಿಗೂ ದತ್ತಕ ತಗೊಳ್ಳೋಕೆ ಬ್ರಿಟಿಷರು ಅನುಮತಿ ಕೊಡಲಿಲ್ಲ. 1858ರ ಮೇ ತಿಂಗಳಲ್ಲಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಮ್ಯಾನ್ಸನ್ ಅನ್ನೋ ಅಧಿಕಾರಿ ಅವನ ಕೈಯಲ್ಲಿ ಹತನಾದ. ಮುಂದಿನ ತಿಂಗಳೇ ಬಾಬಾಸಾಹೇಬನನ್ನ ಬೆಳಗಾವಿಯಲ್ಲಿ ಗಲ್ಲಿಗೇರಿಸಿದ್ರು. ಕಿತ್ತೂರಾಗಿ ಮೂವತ್ತನಾಲ್ಕು ವರ್ಷಕ್ಕೆ ಮತ್ತೆ ಅದೇ ಪ್ರಶ್ನೆ: ಮಗ ಯಾರು ಅಂತ ಹೇಳೋ ಹಕ್ಕು ಯಾರದು?

ಗೊಡಚಿಯಲ್ಲಿ ಕಾಯಿ ಒಡೆಸಿ ಹೆಳವರು ಹೇಳಿದ ಊರಿಗೆ ಹೋದೆ. ಮನೆತನದ ಹೆಸರು ಹೇಳಿದ ಕೂಡಲೇ ಒಬ್ಬ ಹುಡುಗ ಬೈಕಿನಲ್ಲಿ ಮನೆ ತನಕ ಬಿಟ್ಟ. ಹೊಸ ಮನೆ. ಹಳೇದು 2019ರ ಮಲಪ್ರಭಾ ಪ್ರವಾಹದಲ್ಲಿ ಬಿದ್ದುಹೋಗಿತ್ತು. ಕಾಗದ ಪತ್ರ, ಫೋಟೋ ಎಲ್ಲಾ ನೀರುಪಾಲು.

ಮನೆಯ ಹಿರಿಯಜ್ಜಿಗೆ ಎಂಬತ್ತು ದಾಟಿದೆ. ನಾನು ಯಾರ ಮೊಮ್ಮಗಳು ಅಂತ ಬಿಡಿಸಿ ಹೇಳಿದೆ. ಅವರು ಸ್ವಲ್ಪ ಹೊತ್ತು ಮುಖ ನೋಡಿದ್ರು. "ಹೊಂಗಲದ ಕಡೆ ಕೊಟ್ಟಾಕಿ ಕುಡಿ ಏನ ನೀ?" ಅಂದ್ರು. ನಾನು ಹೂಂ ಅಂದೆ. ನೂರು ವರ್ಷದ ನಂತರ ಒಂದು ಮನೆಯಲ್ಲಿ ಆ ಹೆಣ್ಣು ಇನ್ನೂ ನೆನಪಿನಲ್ಲಿದ್ಲು.

"ಆಕಿ ಹೆಸರು ಗೊತ್ತೈತೇನ್ರಿ ಅಮ್ಮಾ?"

ಬಾಯಿಂದ ಹೇಳಲಿಲ್ಲ. ಸೊಸೆಯನ್ನ ಕರೆದು "ಆ ಹಂಡೆ ತೋರಸ" ಅಂದ್ರು. ಹಿತ್ತಲಲ್ಲಿ ನೀರು ಕಾಯಿಸೋ ತಾಮ್ರದ ಹಂಡೆ. ಪ್ರವಾಹ ಇಳಿದ ಮೇಲೆ ಕೆಸರಿನಲ್ಲಿ ಹುಗಿದಿತ್ತಂತೆ, ಅಗೆದು ತೆಗೆದಿದ್ರು. ಸೊಸೆ ಹುಣಸೆಹಣ್ಣು ಹಚ್ಚಿ ಕಂಠ ತಿಕ್ಕಿದ್ಲು. ಮಸಿ ಬಿಡ್ತಾ ಬಂದಂತೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಂಡವು. ಒಂದು ಹೆಣ್ಣಿನ ಹೆಸರು, ಪಕ್ಕದಲ್ಲಿ ನಮ್ಮ ಊರ ಹೆಸರು.

ಕೂಸನ್ನ ಕರಕೊಂಡು ಹೋಗುವಾಗ ತವರಿಗೆ ಕೊಟ್ಟು ಹೋದ ಹಂಡೆ ಅಂತೆ. "ಮಗನ್ನ ಕೊಟ್ಟ ಮನಿ ಬರಿಗೈಲೆ ಇರಬಾರದು ಅಂತ ಕೊಟ್ಳಂತ," ಅಂದ್ರು ಅಜ್ಜಿ.

ಆ ಹೆಸರನ್ನ ಇಲ್ಲಿ ಬರೆಯಲ್ಲ, ಅದು ಮನೆಯ ಮಾತು. ಫೋಟೋ ತೆಗೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಮೊದಲು ಉತ್ತರ ಕೊಟ್ಟಿದ್ದು ದೊಡ್ಡತ್ತೆ. ಅಳುವ ಇಮೋಜಿ ಅಲ್ಲ, ಫೋನೇ ಮಾಡಿದ್ರು. ಅವರದೂ ಅದೇ ಹೆಸರು! ಮುತ್ತಜ್ಜ ತನ್ನ ತಾಯಿಯ ಹೆಸರನ್ನ ಮೊದಲ ಮೊಮ್ಮಗಳಿಗೆ ಇಟ್ಟಿದ್ದ. ಅರವತ್ತೆಂಟು ವರ್ಷ ಆ ಹೆಸರು ಹೊತ್ತುಕೊಂಡು ತಿರುಗಿದ ಅತ್ತೆಗೆ ಅದು ಯಾರದು ಅಂತ ಅವತ್ತು ಗೊತ್ತಾಯ್ತು.

ಸಂಜೆ ಕಾಕಾ ಫೋನ್ ಬಂತು. ಬಹಳ ಮಾತಿಲ್ಲ. "ಆ ಹಾಳಿ ಬ್ಯಾರೆ ಬರೀತೀನಿ ತಂಗಿ. ಅಕ್ಕಂದಿರ ಹೆಸರೂ ಹಾಕ್ತೀನಿ. ಹೊಲದ್ದು ಮುಂದ ಕುಂತು ಮಾತಾಡೂಣು." ಮಾತುಕತೆ ಇನ್ನೂ ನಡೀತಾ ಇದೆ, ಎಲ್ಲಾ ಸುಸೂತ್ರ ಅಂತ ಹೇಳಲಾರೆ. ಆದ್ರೆ ಕಚೇರಿಗೆ ಕೊಟ್ಟ ವಂಶವೃಕ್ಷದಲ್ಲಿ ಅತ್ತೆಯರಿಬ್ಬರೂ ಇದ್ದಾರೆ, ನಾನೂ ಇದ್ದೀನಿ. ಹೆಳವರ ಪುಸ್ತಕದಲ್ಲೂ ಹಂಡೆಯ ಮೇಲಿದ್ದ ಹೆಸರು ಸೇರಿದೆ. "ದತ್ತ ತಂದಾಕಿ ಅಂತ ಬರದೀನಿ ಅವ್ವಾ, ಹೊಸ ಪದ್ಧತಿ," ಅಂದ್ರು ಆ ಹಿರಿಯರು. ಅವರ ಮಗ ಈ ಕೆಲಸ ಮಾಡಲ್ವಂತೆ, ಧಾರವಾಡದಲ್ಲಿ ನೌಕರಿ. ಅದಕ್ಕೇ ಅವರ ಒಪ್ಪಿಗೆ ತಗೊಂಡು ನಮ್ಮ ಮನೆಯ ಏಳು ತಲೆಯನ್ನ ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಂಡಿದ್ದೀನಿ.

ನೀವೂ ಹುಡುಕೋದಾದ್ರೆ

ಉತಾರ ಮತ್ತು ವಾರಸಾ ನೋಂದು ಗಂಡಸರ ಹೆಸರು ಕೊಡುತ್ತೆ, ಅಲ್ಲಿಂದ ಶುರು ಮಾಡಿ. ಮನೆದೇವರ ಊರು ಯಾವುದು, ಎರಡು ದೇವರಿದ್ರೆ ಎರಡನೆಯದು ಯಾಕೆ ಅಂತ ಕೇಳಿ. ನಿಮ್ಮ ಮನೆಗೆ ಹೆಳವರು ಬರ್ತಾ ಇದ್ರೆ ಈ ಸಲ ಬಂದಾಗ ಕೂತು ಕೇಳಿ, ಕೈತುಂಬ ಕೊಟ್ಟು ಕಳಿಸಿ. ಹೆಣ್ಣುಮಕ್ಕಳ ಹೆಸರು ಬೇಕಂದ್ರೆ ಮಾತ್ರ ಅಟ್ಟ ಹತ್ತಿ. ಹಳೆ ಕೊಡ, ಹಂಡೆ, ತಂಬಿಗೆಗಳನ್ನ ಕೆಳಗಿಳಿಸಿ, ಮಸಿ ತಿಕ್ಕಿ ಕಂಠ ನೋಡಿ. ಮೋಡಕಾ ಸಾಮಾನಿನವರಿಗೆ ತೂಕಕ್ಕೆ ಹಾಕೋ ಮೊದಲು.